ಬ್ಯಾಗು ಹಂಚಿದ್ದಾಯಿತು, ಮುಂದೆ? ಊರ ಟ್ರಸ್ಟ್‌ಗಳ ಪ್ರಶ್ನೆಗೆ ಉತ್ತರ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಸಣ್ಣ ಟ್ರಸ್ಟ್‌ಗಳು, ಯುವಕ ಸಂಘಗಳು, ಮಹಿಳಾ ಸಂಘಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಶಾಲೆ, ದುಡಿಮೆ, ಆರೋಗ್ಯ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದರ ಉತ್ತರದಲ್ಲಿ ಇನ್ನೊಂದು ನುಸುಳಿದೆ.

ಪ್ರಶ್ನೆ: ಆರು ವರ್ಷದಿಂದ ಪ್ರತಿ ಜೂನ್‌ನಲ್ಲಿ ನಮ್ಮೂರ ಸರ್ಕಾರಿ ಶಾಲೆಯ ಎಲ್ಲ ಮಕ್ಕಳಿಗೂ ಬ್ಯಾಗು, ನೋಟ್‌ಬುಕ್ ಕೊಡುತ್ತಿದ್ದೇವೆ. ಆದರೂ ಐದನೇ ತರಗತಿಯ ಎಷ್ಟೋ ಮಕ್ಕಳಿಗೆ ಒಂದು ಪುಟ ಓದಲು ಬರುವುದಿಲ್ಲ. ಅದೇ ದುಡ್ಡಿನಲ್ಲಿ ಬೇರೇನು ಮಾಡಬಹುದು?
— ಯುವಕ ಸಂಘದ ಸದಸ್ಯರು, ಕುಷ್ಟಗಿ ತಾಲ್ಲೂಕು

ಉತ್ತರ: ಸರ್ಕಾರಿ ಶಾಲೆಗೆ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು, ಮೊಟ್ಟೆ ಸರ್ಕಾರದಿಂದಲೇ ಬರುತ್ತವೆ. ಹಿಂದೆ ಬಿದ್ದ ಮಗುವಿನ ಪಕ್ಕ ದಿನಾ ಒಂದು ತಾಸು ಕೂರುವವರು ಮಾತ್ರ ಸಿಗುವುದಿಲ್ಲ. ನಿಮ್ಮ ದುಡ್ಡು ಅಲ್ಲಿಗೆ ಹೋಗಲಿ.

ಮೊದಲು ಯಾರಿಗೆ ಎಲ್ಲಿಯವರೆಗೆ ಓದು ಬರುತ್ತದೆ ಎಂದು ನೋಡಬೇಕು. ಮೂರರಿಂದ ಐದನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ಓದಿಸಿ. ಒಂದು ಮಗುವಿಗೆ ನಾಲ್ಕೈದು ನಿಮಿಷ ಸಾಕು. ಗುಂಪಿನಲ್ಲಿ ಓದಿಸಿದರೆ ಪಕ್ಕದವನ ದನಿ ಹಿಡಿದು ಹೇಳುವ ಮಗುವೂ ಓದುತ್ತಿರುವಂತೆಯೇ ಕೇಳಿಸುತ್ತದೆ. ಪಠ್ಯಪುಸ್ತಕದ ಪಾಠವೂ ಬೇಡ. ಅದು ಬಾಯಿಪಾಠ ಆಗಿರುತ್ತದೆ. ಮಗು ಹಿಂದೆ ಕಂಡಿರದ ನಾಲ್ಕು ಸಾಲು ಬರೆದುಕೊಂಡು ಹೋಗಿ.

ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ 2005ರಿಂದ ನಡೆಸುತ್ತಿರುವ, ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯಲ್ಲಿ ನಾಲ್ಕು ಮೆಟ್ಟಿಲು ಇವೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಕನ್ನಡಕ್ಕೆ ‘ಪದ’ದ ಮೆಟ್ಟಿಲನ್ನು ಎರಡಾಗಿ ಒಡೆದುಕೊಳ್ಳುವುದು ಒಳ್ಳೆಯದು, ಕಾಗುಣಿತದ ಪದ ಬೇರೆ, ಒತ್ತಕ್ಷರದ ಪದ ಬೇರೆ. ನಮ್ಮ ಮಕ್ಕಳು ಹೆಚ್ಚಾಗಿ ಸಿಕ್ಕಿಬೀಳುವುದು ಈ ಎರಡರ ನಡುವೆ. ‘ಕಾಲು’, ‘ಕೋಲು’ ಸರಾಗವಾಗಿ ಓದಿದ ಹುಡುಗಿ ‘ಕಲ್ಲು’ ಬಂದಾಗ ತುಸು ನಿಂತು ‘ಕಲು’ ಎನ್ನುತ್ತಾಳೆ. ‘ಹಕ್ಕಿ’ ‘ಹಕಿ’ ಆಗುತ್ತದೆ. ಕೆಳಗಿನ ಒತ್ತು ಅವಳ ಕಣ್ಣಿಗೆ ಬಿದ್ದೇ ಇಲ್ಲ. ಅವಳಿಗೆ ಮತ್ತೆ ಅ ಆ ಇ ಈ ತಿದ್ದಿಸಿದರೆ ಬೇಸರ, ಐದನೇ ತರಗತಿಯ ಪಾಠ ಓದಿಸಿದರೆ ಅಂಜಿಕೆ. ಹದಿನೈದು ದಿನ ಒತ್ತಕ್ಷರದ ಮೇಲೆ ಕೂತರೆ ಆ ಗಂಟು ಬಿಚ್ಚಿಕೊಳ್ಳುತ್ತದೆ.

ಆಮೇಲೆ ತರಗತಿ ಮರೆತು, ಮಟ್ಟ ನೋಡಿ ಗುಂಪು ಮಾಡಿ. ಒಬ್ಬ ಕಾರ್ಯಕರ್ತೆಗೆ 15 ಮಕ್ಕಳು, ಹೆಚ್ಚೆಂದರೆ 20. ಊರಿನಲ್ಲೇ ಪಿಯುಸಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಈ ಕೆಲಸಕ್ಕೆ ಸರಿಯಾದವರು. ತಿಂಗಳಿಗೆ ಗೌರವಧನ ಕೊಡಿ. ‘ಸೇವೆ’ ಎಂದು ಪುಕ್ಕಟೆ ಕೂರಿಸಿದರೆ ಸುಗ್ಗಿ ಬಂದ ವಾರ ತರಗತಿ ನಿಲ್ಲುತ್ತದೆ, ತಪ್ಪು ಅವರದಲ್ಲ. ಜಾಗಕ್ಕೆ ಶಾಲೆಯ ಕೋಣೆ ಅಥವಾ ಪಂಚಾಯಿತಿಯ ಅರಿವು ಕೇಂದ್ರ (ಊರ ಗ್ರಂಥಾಲಯ) ಸಾಕು. ಮುಖ್ಯಗುರುಗಳ ಒಪ್ಪಿಗೆ ಮತ್ತು ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯ ಠರಾವು ಬರಹದಲ್ಲೇ ಇರಲಿ. ಮುಖ್ಯಗುರುಗಳಿಗೆ ವರ್ಗವಾದಾಗ ಕೆಲಸ ನಿಲ್ಲದಂತೆ ಕಾಯುವುದು ಆ ಕಾಗದ.

ಒಂದು ತಾಸು ಹೀಗೆ ಹಂಚಿಕೊಳ್ಳಿ: ಹತ್ತು ನಿಮಿಷ ಮಾತು (ನಿನ್ನೆ ಸಂತೆಯಲ್ಲಿ ಏನು ಕಂಡೆ, ಹೊಲದಲ್ಲಿ ಏನು ನಡೀತು), ಹದಿನೈದು ನಿಮಿಷ ಕಾಗುಣಿತ ಅಥವಾ ಒತ್ತಿನ ಆಟ, ಇಪ್ಪತ್ತು ನಿಮಿಷ ಓದು, ಉಳಿದ ಹದಿನೈದರಲ್ಲಿ ಅವರೇ ಆಡಿದ ಮಾತನ್ನು ಬರೆಯುವುದು. ಗೋಡೆಗೊಂದು ಕಾಗುಣಿತ ಪಟ, ರಟ್ಟಿನ ಅಕ್ಷರ ಚೀಟಿಗಳು, ನೆಲದ ಮೇಲೆ ಬರೆಯಲು ಸೀಮೆಸುಣ್ಣ, 40–50 ತೆಳ್ಳನೆಯ ಕಥೆ ಪುಸ್ತಕ ಇದ್ದರೆ ಸಾಕು. ನಾಲ್ಕು ವಾರಕ್ಕೊಮ್ಮೆ ಮತ್ತೆ ಓದಿಸಿ ನೋಡಿ, ಏರಿದ ಮಗುವನ್ನು ಮೇಲಿನ ಗುಂಪಿಗೆ ಕಳಿಸಿ.

ಕೆಡುವುದು ಎಲ್ಲಿ ಎಂದರೆ, ಎರಡನೇ ತಿಂಗಳಿಗೆ ಇದು ಟ್ಯೂಷನ್ ಆಗಿಬಿಡುತ್ತದೆ. ಪಾಲಕರು ‘ಹೋಂವರ್ಕ್ ಮಾಡಿಸ್ರಿ’ ಎನ್ನುತ್ತಾರೆ, ಜಾಣ ಮಕ್ಕಳು ಮುಂದೆ ಬಂದು ಕೂರುತ್ತಾರೆ, ಓದು ಬಾರದವರು ಬರುವುದು ಬಿಡುತ್ತಾರೆ. ಹಾಜರಿ ಪುಸ್ತಕದಲ್ಲಿ ಕೆಳಗಿನ ಎರಡು ಗುಂಪಿನ ಹೆಸರುಗಳನ್ನೇ ಮೊದಲು ಬರೆಯಿರಿ. ಮೂರು ದಿನ ಬಾರದಿದ್ದರೆ ಮನೆಗೆ ಹೋಗಬೇಕಾದದ್ದು ಅವರಿಗಾಗಿಯೇ. ತಾಂಡಾದ ಮಕ್ಕಳಿದ್ದರೆ ಲಂಬಾಣಿ ಮಾತಾಡುವವರು, ಆಂಧ್ರ, ತೆಲಂಗಾಣದ ಗಡಿ ಊರುಗಳಲ್ಲಿ ತೆಲುಗು ಬಲ್ಲವರು ಕಾರ್ಯಕರ್ತೆಯಾಗಿರಲಿ. ಮಾತೇ ತಿಳಿಯದ ಭಾಷೆಯಲ್ಲಿ ಅಕ್ಷರ ಕೂಡಿಸಿ ಓದಿದರೂ ಮಗುವಿಗೆ ಅರ್ಥ ಹತ್ತುವುದಿಲ್ಲ.

ಪ್ರಶ್ನೆ: ದಸರೆ ಮುಗಿಯಿತೆಂದರೆ ನಮ್ಮ ಕಡೆ ಮನೆಮಂದಿಯೆಲ್ಲ ಬೆಂಗಳೂರು, ಪುಣೆಗೆ ಗುಳೆ ಹೋಗುತ್ತಾರೆ. ಮಕ್ಕಳ ಓದು ಅಲ್ಲಿಗೆ ನಿಂತುಹೋಗುತ್ತದೆ. ಟ್ರಸ್ಟ್ ಏನು ಮಾಡಲು ಸಾಧ್ಯ?
— ನಿವೃತ್ತ ಶಿಕ್ಷಕರು, ದೇವದುರ್ಗ

ಉತ್ತರ: ಗುಳೆಯನ್ನು ಉಪದೇಶದಿಂದ ತಡೆಯಲಾಗದು. ಮಳೆಯಾಶ್ರಯದ ಹೊಲದಲ್ಲಿ ಸುಗ್ಗಿ ಮುಗಿದ ಮೇಲೆ ಕೂಲಿ ಇಲ್ಲ, ಮುಂಗಡ ಕೊಟ್ಟ ಮೇಸ್ತ್ರಿ ಬಾಗಿಲಲ್ಲಿ ನಿಂತಿರುತ್ತಾನೆ. ಕೆಲಸ ಶುರುವಾಗಬೇಕಾದದ್ದು ಸೆಪ್ಟೆಂಬರ್‌ನಲ್ಲಿ. ಮನೆಮನೆಗೆ ಹೋಗಿ ಮೂರು ಪಟ್ಟಿ ಮಾಡಿ: ಅಜ್ಜಿಯ ಬಳಿ ಉಳಿಯಬಲ್ಲ ಮಕ್ಕಳು, ಹಾಸ್ಟೆಲ್‌ಗೆ ಅಥವಾ ಋತುಮಾನದ ವಸತಿ ಕೇಂದ್ರಕ್ಕೆ ಸೇರಿಸಬಹುದಾದವರು, ತಂದೆತಾಯಿಯ ಜೊತೆ ಹೋಗಲೇಬೇಕಾದವರು.

ಮೊದಲ ಪಟ್ಟಿಗೆ ಬೇಕಾದದ್ದು ಸಂಜೆ ಊಟದ ಆಸರೆ. ಶಾಲೆಯಲ್ಲಿ ಮಧ್ಯಾಹ್ನದ ಊಟ ಸಿಗುತ್ತದೆ, ರಾತ್ರಿಯ ಅಡುಗೆ ಎಪ್ಪತ್ತರ ಅಜ್ಜಿಯ ಮೇಲೆ ಬೀಳುತ್ತದೆ. ಆ ಮನೆಗಳಿಗೆ ಐದಾರು ತಿಂಗಳು ಜೋಳ, ಬೇಳೆ, ಎಣ್ಣೆ ಕೊಟ್ಟರೆ ಮಗು ಊರಲ್ಲಿ ಉಳಿಯುತ್ತದೆ. ಹೊಸ ಹಾಸ್ಟೆಲ್ ಕಟ್ಟುವುದಕ್ಕಿಂತ ಇದು ಎಷ್ಟೋ ಕಡಿಮೆ ಖರ್ಚಿನದು. ಎಂಟು ವರ್ಷದೊಳಗಿನ ಮಕ್ಕಳನ್ನು ತಾಯಿಯಿಂದ ಅಗಲಿಸಿ ವಸತಿ ಕೇಂದ್ರದಲ್ಲಿ ಇಡುವುದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಜೊತೆಗೆ ಹೋಗುವ ಮಗುವಿನ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಡಿ. ಅದರಲ್ಲಿ ಶಾಲೆಯ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೂ ಕೊಟ್ಟ ಗುರುತಿನ ಸಂಖ್ಯೆ) ಬರೆದ ಚೀಟಿ, ಆಧಾರ್ ನಕಲು, ಕೈಗೂಸಿದ್ದರೆ ತಾಯಿ ಕಾರ್ಡ್, ರೇಷನ್ ಕಾರ್ಡ್ ನಕಲು ಇರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಟಿ.ಸಿ. ತಡವಾಯಿತೆಂದು ಬೇರೆ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಇದನ್ನು ಪಾಲಕರಿಗೆ ಹೇಳಿದರಷ್ಟೇ ಸಾಲದು, ಹೋದ ಊರಿನ ಸಿಆರ್‌ಪಿಗೆ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ನಿಮ್ಮವರೇ ಫೋನ್ ಮಾಡಬೇಕು. ಕಟ್ಟಡದ ಶೆಡ್ಡಿನಲ್ಲಿರುವ ತಾಯಿಗೆ ಶಾಲೆ ಹುಡುಕಲು ಒಂದು ದಿನದ ಕೂಲಿ ಬಿಡಬೇಕಾಗುತ್ತದೆ. ರೇಷನ್ನನ್ನು ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಅಲ್ಲಿಯೂ ಪಡೆಯಬಹುದು, ಆದರೆ ಆಧಾರ್ ಜೋಡಣೆ ಊರು ಬಿಡುವ ಮೊದಲೇ ಆಗಿರಬೇಕು.

ಪ್ರಶ್ನೆ: ನಮ್ಮ ಸಂಘಕ್ಕೆ ಒಂದು ಸಂಸ್ಥೆ 20 ಹೊಲಿಗೆ ಯಂತ್ರ ಕೊಟ್ಟು ಮೂರು ತಿಂಗಳು ಕಲಿಸಿತು. ಈಗ ನಾಲ್ಕು ಮಾತ್ರ ನಡೆಯುತ್ತಿವೆ. ನಾವು ಎಡವಿದ್ದೆಲ್ಲಿ?
— ಮಹಿಳಾ ಸಂಘದ ಪ್ರತಿನಿಧಿ, ಸಿಂಧನೂರು ತಾಲ್ಲೂಕು

ಉತ್ತರ: ನಾಲ್ಕು ನಡೆಯುತ್ತಿವೆ ಎಂದರೆ ನಿಮ್ಮೂರಿಗೆ ನಾಲ್ವರು ಟೇಲರ್ ಸಾಕು ಎಂದರ್ಥ. ಎಡವಿದವರು ನೀವಲ್ಲ, ಯಂತ್ರ ತರುವ ಮೊದಲು ಊರಲ್ಲಿ ತಿಂಗಳಿಗೆ ಎಷ್ಟು ಜಂಪರು ಹೊಲಿಸುತ್ತಾರೆ, ಎಲ್ಲಿ ಹೊಲಿಸುತ್ತಾರೆ ಎಂದು ಎಣಿಸದವರು. ಮೂರು ತಿಂಗಳಲ್ಲಿ ಸಾದಾ ಜಂಪರು ಹೊಲಿಯಲು ಬರುತ್ತದೆ. ಗಿರಾಕಿ ಸಿಂಧನೂರಿಗೆ ಹೋಗುವುದು ಕಂಕುಳಲ್ಲಿ ಸುಕ್ಕು ಬೀಳದ ಹಾಗೆ, ಕತ್ತಿನ ಆಕಾರ ಅಚ್ಚುಕಟ್ಟಾಗಿ ಕೂರುವ ಹಾಗೆ ಹೊಲಿಯುವವರ ಹತ್ತಿರ. ಕೈ ಚುರುಕಿರುವ ಇಬ್ಬರನ್ನು ಪೇಟೆಯ ಒಳ್ಳೆಯ ಟೇಲರ್ ಬಳಿ ಎರಡು ತಿಂಗಳು ಕೂರಿಸಿ, ಬಸ್ ಚಾರ್ಜು ಮತ್ತು ದಿನಗೂಲಿ ಸಂಸ್ಥೆಯಿಂದ ಕೇಳಿ. ಹತ್ತು ಯಂತ್ರ ಹಿಂದಕ್ಕೆ ಕೊಟ್ಟು, ಬದಲಿಗೆ ಸೀರೆಯ ಅಂಚು ಹೊಲಿಯುವ ಒಂದು ಪಿಕೋ ಯಂತ್ರ, ಬಟ್ಟೆಯ ಅಂಚಿನ ಎಳೆ ಬಿಚ್ಚದಂತೆ ಹೊಲಿಯುವ ಒಂದು ಓವರ್‌ಲಾಕ್ ಯಂತ್ರ ಕೊಡುವಂತೆ ಹೇಳಿ. ಸೀರೆಗೆ ಫಾಲು, ಪಿಕೋ, ಕುಚ್ಚು ಊರಲ್ಲೇ ಆದರೆ ಆ ದುಡ್ಡು ಊರಲ್ಲೇ ಉಳಿಯುತ್ತದೆ.

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಹೋಗುವ ಆಸೆ ಯಾರಿಗಾದರೂ ಇದ್ದರೆ, ಕಾಲಲ್ಲಿ ತುಳಿಯುವ ಯಂತ್ರದ ಕಲಿಕೆ ಅಲ್ಲಿಗೆ ಸಾಲದು. ಅಲ್ಲಿರುವುದು ಕರೆಂಟಿನ ಸಿಂಗಲ್ ನೀಡಲ್ ಯಂತ್ರ, ಓವರ್‌ಲಾಕ್, ಪ್ಯಾಂಟಿನ ಕಾಲಿನ ಜೋಡು ಹೊಲಿಗೆಗೆ ಫೀಡ್ ಆಫ್ ದಿ ಆರ್ಮ್ ಯಂತ್ರ. ದಪ್ಪ ಬಟ್ಟೆಗೆ 16 ಅಥವಾ 18ನೇ ನಂಬರಿನ ಸೂಜಿ ಬೇಕು. ಜಂಪರಿನ ಸೂಜಿ ಹಾಕಿ ಅಭ್ಯಾಸ ಮಾಡಿಸಿದರೆ ಸೂಜಿ ಮುರಿಯುತ್ತಲೇ ಇರುತ್ತದೆ, ಕಲಿಯುವವರು ತಮ್ಮ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತಾರೆ.

ಭೂಮಿ ಇಲ್ಲದ ಉಳಿದ ಸದಸ್ಯೆಯರಿಗೆ ಆಡು, ಕುರಿ ವಾಸಿ. ಒಂದು ಮನೆಗೆ ನಾಲ್ಕೈದು ಹೆಣ್ಣಾಡು, 20–25 ಆಡಿಗೆ ಒಂದು ಹೋತ. ಸ್ಥಳೀಯ ತಳಿಯನ್ನೇ ಕೊಳ್ಳಿ. ಕುರಿಯಾದರೆ ನಮ್ಮದೇ ಕೆಂಗುರಿ ಇದೆ. ಉತ್ತರ ಭಾರತದ ಎತ್ತರದ ಆಡು ನೋಡಲು ಚೆಂದ, ಇಲ್ಲಿನ ಬಿಸಿಲು ಮತ್ತು ಒಣ ಮೇವಿಗೆ ಸೊರಗುತ್ತದೆ. ಸಂತೆಯಿಂದ ತಂದವನ್ನು ಅಂದೇ ಹಂಚುವುದು ದೊಡ್ಡ ತಪ್ಪು. ಮೂರು ವಾರ ಬೇರೆ ಕಡೆ ಕಟ್ಟಿ, ಜಂತಿನ ಔಷಧಿ ಕುಡಿಸಿ, ಪಿಪಿಆರ್ (ಆಡು, ಕುರಿಗಳ ಸಾಂಕ್ರಾಮಿಕ ರೋಗ) ಲಸಿಕೆ ಹಾಕಿಸಿಯೇ ಕೊಡಬೇಕು. ಆ ಲಸಿಕೆ ಮೂರು ವರ್ಷ ಕಾಯುತ್ತದೆ. ಕರುಳುಬೇನೆಯ ಲಸಿಕೆ ಮಾತ್ರ ಪ್ರತಿವರ್ಷ ಮುಂಗಾರಿಗೆ ಮೊದಲು ಬೇಕು. ಮಳೆಗೆ ಚಿಗುರಿದ ಎಳೆ ಹುಲ್ಲು ತಿಂದು ರಾತ್ರೋರಾತ್ರಿ ಸಾಯುವ ಮರಿಗಳು ಹೆಚ್ಚಾಗಿ ಇದರಿಂದಲೇ ಸಾಯುವುದು.

ಸಾಲದ ಮಾತು. ಹದಿನೈದು ಜನ ವಾರಕ್ಕೆ 50 ರೂಪಾಯಿಯಂತೆ ಉಳಿಸಿದರೆ ವರ್ಷಕ್ಕೆ 39,000 ಆಗುತ್ತದೆ. ಇದನ್ನು ಬ್ಯಾಂಕಿನಲ್ಲಿ ಸುಮ್ಮನೆ ಇಡದೆ ಒಳಗೊಳಗೇ ಸಾಲ ಕೊಟ್ಟು ವಸೂಲಿ ಮಾಡಿ, ನಡಾವಳಿ ಪುಸ್ತಕ ಬರೆದಿಡಿ. ಬ್ಯಾಂಕು ಸಂಘದ ಅರ್ಹತೆ ಅಳೆಯುವುದು ಈ ಪುಸ್ತಕದಿಂದಲೇ. ಮೈಕ್ರೋ ಫೈನಾನ್ಸ್‌ನವರು ‘ಬರೀ 12 ಪರ್ಸೆಂಟ್ ಫ್ಲಾಟ್’ ಎಂದರೆ ಲೆಕ್ಕ ಹಾಕಿ ನೋಡಿ. 20,000 ರೂಪಾಯಿಗೆ ತಿಂಗಳಿಗೊಂದರಂತೆ 12 ಸಮ ಕಂತು ಕಟ್ಟುತ್ತಾ ಹೋದಂತೆ ನಿಮ್ಮ ಕೈಯಲ್ಲಿ ಉಳಿಯುವ ಅಸಲು ಕಮ್ಮಿಯಾಗುತ್ತದೆ, ಬಡ್ಡಿ ಮಾತ್ರ ಪೂರ್ತಿ 20,000ಕ್ಕೇ ಬೀಳುತ್ತದೆ. ನಿಜವಾದ ಬಡ್ಡಿ ಶೇ 21ರ ಮೇಲೆ ಹೋಗುತ್ತದೆ. ಸಂಘದ ಒಳಸಾಲಕ್ಕೂ ಇದೇ ಪ್ರಶ್ನೆ ಕೇಳಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದರೆ ವರ್ಷಕ್ಕೆ 24, ಆದರೆ ಆ ಬಡ್ಡಿ ಮರಳಿ ಸಂಘಕ್ಕೇ ಬರುತ್ತದೆ.

ಪ್ರಶ್ನೆ: ವರ್ಷಕ್ಕೊಮ್ಮೆ ದೊಡ್ಡ ಆರೋಗ್ಯ ಶಿಬಿರ ಮಾಡುತ್ತೇವೆ. ಐನೂರು ಜನ ಬರುತ್ತಾರೆ. ಆದರೆ ಮುಂದಿನ ವರ್ಷ ಅವೇ ದೂರು, ಅವೇ ಮುಖಗಳು. ಬೇರೆ ದಾರಿ ಇದೆಯೇ?
— ಟ್ರಸ್ಟ್ ಕಾರ್ಯದರ್ಶಿ, ಲಿಂಗಸುಗೂರು

ಉತ್ತರ: ಒಂದು ದಿನದಲ್ಲಿ ಐನೂರು ಜನರನ್ನು ನೋಡಿದರೆ ವೈದ್ಯರು ಕೊಡಬಲ್ಲದ್ದು ನೋವಿನ ಗುಳಿಗೆ, ವಿಟಮಿನ್ ಗುಳಿಗೆ ಅಷ್ಟೆ. ಒಂದೇ ತೊಂದರೆ ಹಿಡಿದು ವರ್ಷವಿಡೀ ಬೆನ್ನು ಹತ್ತಿ. ಪ್ರೌಢಶಾಲೆ ಹುಡುಗಿಯರ ರಕ್ತಹೀನತೆಯಿಂದ ಶುರು ಮಾಡಬಹುದು. ಸುಸ್ತು, ತರಗತಿಯಲ್ಲಿ ತೂಕಡಿಕೆ, ಮುಂದೆ ಬಸಿರಿನಲ್ಲಿ ಅಪಾಯ ಎಲ್ಲಕ್ಕೂ ಬೇರು ಅದು.

100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಮ್ಮಿ ಇದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿದ್ದರೆ ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕು. ಗರ್ಭಿಣಿಯರ ಅಳತೆ ಬೇರೆ: 11ಕ್ಕಿಂತ ಕಮ್ಮಿ, ತೀವ್ರವೆಂದರೆ 7ಕ್ಕಿಂತ ಕಮ್ಮಿ. ಪರೀಕ್ಷೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದಲೇ ಮಾಡಿಸಿ, ನಿಮ್ಮವರು ಪಕ್ಕದಲ್ಲಿದ್ದು ಒಂದು ವಿಷಯ ಗಮನಿಸಲಿ. ಚುಚ್ಚಿದ ಬೆರಳನ್ನು ಒತ್ತಿ ಒತ್ತಿ ಹಿಂಡಿದರೆ ರಕ್ತದ ಜೊತೆ ನೀರು ಸೇರಿ ಅಂಕಿ ಸುಳ್ಳಾಗಿ ಕೆಳಗೆ ಬರುತ್ತದೆ. ಕೈ ಬೆಚ್ಚಗಿರಲಿ, ಮೊದಲ ಹನಿ ಒರೆಸಿ, ತಾನಾಗಿ ಉಕ್ಕುವ ಹನಿ ತೆಗೆದುಕೊಳ್ಳಲಿ.

ಶಾಲೆಗೆ ವಾರಕ್ಕೊಂದು ನೀಲಿ ಗುಳಿಗೆ ಸರ್ಕಾರದಿಂದ ಬರುತ್ತದೆ. ಅದರಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಗುಳಿಗೆ ಬಂದಿದೆಯೇ, ಹುಡುಗಿಯರು ನುಂಗುತ್ತಿದ್ದಾರೆಯೇ ಎಂದು ನೋಡುವುದೇ ಟ್ರಸ್ಟಿನ ಕೆಲಸ. ಮನೆಗೆ ಕೊಟ್ಟು ಕಳಿಸಿದ ಗುಳಿಗೆ ಬ್ಯಾಗಿನ ತಳದಲ್ಲಿ ಉಳಿಯುತ್ತದೆ. ಬಿಸಿಯೂಟ ಆದ ಮೇಲೆ, ಟೀಚರ್ ಎದುರಿಗೆ, ನೀರಿನ ಜೊತೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ಕೊಟ್ಟ ದಿನ ಇಬ್ಬರಿಗೆ ವಾಂತಿಯಾದರೂ ಸಾಕು, ಊರೆಲ್ಲ ಸುದ್ದಿ ಹಬ್ಬಿ ಮುಂದಿನ ವಾರ ಯಾರೂ ಮುಟ್ಟುವುದಿಲ್ಲ. ಮಲ ಕಪ್ಪಾಗುತ್ತದೆ, ಅದು ಸಹಜ ಎಂದು ತಾಯಂದಿರಿಗೆ ಮೊದಲೇ ಹೇಳಿರಿ. ಗುಳಿಗೆಗೆ ಒಂದು ತಾಸು ಹಿಂದೆ, ಒಂದು ತಾಸು ಮುಂದೆ ಚಹಾ ಬೇಡ. ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಕೊಡುವ ಜಂತುಹುಳದ ಗುಳಿಗೆ ಯಾರಿಗೂ ತಪ್ಪದಿರಲಿ.

ರಕ್ತಹೀನತೆ ಇರುವವರಿಗೆ ವಾರಕ್ಕೊಂದು ಸಾಲದು, ವೈದ್ಯರು ದಿನವೂ ನುಂಗಲು ಬರೆದುಕೊಡುತ್ತಾರೆ. ಒಂದು ತಿಂಗಳಿಗೆ ಮತ್ತೆ ಪರೀಕ್ಷಿಸಿದಾಗ ಒಂದು ಗ್ರಾಂನಷ್ಟಾದರೂ ಏರಿರಬೇಕು. ಏರದಿದ್ದರೆ ಒಂದೋ ಗುಳಿಗೆ ನುಂಗುತ್ತಿಲ್ಲ, ಇಲ್ಲವೇ ಮುಟ್ಟಿನ ಸ್ರಾವ ವಿಪರೀತ, ಇಲ್ಲವೇ ಬೇರೆ ಕಾಯಿಲೆ. ಆಗ ವೈದ್ಯರೇ ನೋಡಬೇಕು. ಪುಂಡಿಪಲ್ಲೆ, ನುಗ್ಗೆಸೊಪ್ಪು, ಕಾಳಿನ ಪಲ್ಲೆಗೆ ನಿಂಬೆಹುಳಿ, ಇವೆಲ್ಲ ಬೇಕು. ಆದರೆ 9 ಗ್ರಾಂಗೆ ಇಳಿದವಳನ್ನು ಊಟವೊಂದೇ ಮೇಲಕ್ಕೆತ್ತುವುದಿಲ್ಲ. ‘ಸೊಪ್ಪು ತಿನ್ರಿ ಸಾಕು’ ಎಂದು ಹೇಳಿ ಕಳಿಸಬೇಡಿ.

ಅಂಗನವಾಡಿ ಮಕ್ಕಳ ತೋಳಿನ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ನೋಡಬಹುದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ತೋರಿಸಬೇಕು. ತಾಯಿ ‘ಎರಡು ವಾರ ಅಲ್ಲಿದ್ದರೆ ಮನೆಯಲ್ಲಿರುವ ಇನ್ನಿಬ್ಬರನ್ನು ಯಾರು ನೋಡ್ತಾರ್ರೀ?’ ಎಂದು ಕೇಳುತ್ತಾಳೆ. ಆ ಹದಿನಾಲ್ಕು ದಿನ ಉಳಿದ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿ. ಶಿಬಿರದ ಶಾಮಿಯಾನದ ಬಾಡಿಗೆಗೆ ಹೋಗುವ ದುಡ್ಡು ಇದಕ್ಕೆ ಸಾಕಾಗುತ್ತದೆ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಹೆಚ್ಚು. ದಾನಿಗಳು ಶಾಲೆಗೆ ಕೊಡಿಸಿದ ಆರ್‌ಒ ಯಂತ್ರ ಎರಡೇ ವರ್ಷಕ್ಕೆ ನಿಂತಿತು. ಮತ್ತೊಂದು ಕೊಡಿಸೋಣವೇ?
— ಎಸ್‌ಡಿಎಂಸಿ ಅಧ್ಯಕ್ಷರು, ಯಲಬುರ್ಗಾ ತಾಲ್ಲೂಕು

ಉತ್ತರ: ಗಡಸು ನೀರಿಗೆ ಆರ್‌ಒ ಯಂತ್ರದೊಳಗಿನ ನೀರು ಸೋಸುವ ಪೊರೆ ಸುಣ್ಣ ಕಟ್ಟಿಕೊಂಡು ಬೇಗ ಕೆಡುತ್ತದೆ. ಅದನ್ನು ಬದಲಿಸುವ ದುಡ್ಡು ಯಾರದೆಂದು ಬರೆದಿಡದ ಯಂತ್ರಗಳೆಲ್ಲ ಹೀಗೆಯೇ ನಿಲ್ಲುತ್ತವೆ. ಕೊಡಿಸುವ ಮೊದಲು ನೀರನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪುಡಿಗೂ ಅದು ಬಗ್ಗದು.

ಶಾಲೆಗೆ ಮಳೆನೀರಿನ ತೊಟ್ಟಿ ಹೆಚ್ಚು ಬಾಳಿಕೆಯದು. ಲೆಕ್ಕ ಹೀಗೆ: ಒಂದು ಚದರ ಮೀಟರ್ ಚಾವಣಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಚಾವಣಿ 150 ಚದರ ಮೀಟರ್, ಮಳೆ 500 ಮಿ.ಮೀ. ಎಂದು ಹಿಡಿದು, ಐದರಲ್ಲೊಂದು ಪಾಲು ಸೋರಿಹೋಗುತ್ತದೆಂದು ಕಳೆದರೆ 60,000 ಲೀಟರ್. ನೂರು ಮಕ್ಕಳಿಗೆ ಕುಡಿಯಲು, ಅಡುಗೆಗೆ ಸೇರಿ ತಲೆಗೆ ಎರಡೂವರೆ ಲೀಟರ್‌ನಂತೆ 220 ದಿನಕ್ಕೆ 55,000 ಬೇಕು. ಅಡುಗೆಯನ್ನು ಬಿಡಬೇಡಿ. ಬೋರಿನ ನೀರಲ್ಲಿ ಬೇಯಿಸಿದ ಅನ್ನ, ಸಾರಿನಲ್ಲೂ ಫ್ಲೋರೈಡ್ ಹೊಟ್ಟೆ ಸೇರುತ್ತದೆ. ನವೆಂಬರ್‌ನಿಂದ ಏಪ್ರಿಲ್ ಮೊದಲ ವಾರದವರೆಗಿನ ಒಣ ದಿನಗಳಿಗೆ 30,000 ಲೀಟರ್ ಹಿಡಿಸುವ ತೊಟ್ಟಿ ಸಾಕು. ಚಾವಣಿ ಇದಕ್ಕಿಂತ ಸಣ್ಣದಾದರೆ ಕುಡಿಯಲಿಕ್ಕೆ ಮಾತ್ರ ಲೆಕ್ಕ ಹಾಕಿ, ಅಡುಗೆಗೆ ಬೇರೆ ನೀರು ನೋಡಬೇಕು.

ಮೇ ತಿಂಗಳಲ್ಲಿ ತೊಟ್ಟಿ, ಚಾವಣಿ ತೊಳೆಯಿರಿ. ಮೊದಲ ಮಳೆಯ ನೀರು ಒಳಗೆ ಹೋಗಬಾರದು, ಆಮೇಲಿನ ಪ್ರತಿ ಮಳೆಯಲ್ಲೂ ಮೊದಲ 300 ಲೀಟರ್ ಹೊರಗೆ ಬಿಡುವ ವಾಲ್ವ್ ಇರಲಿ. ವಾಲ್ವ್ ತಿರುಗಿಸುವವರ ಹೆಸರು ಗೋಡೆಯ ಮೇಲೆ ಬರೆದಿರಲಿ, ರಾತ್ರಿ ಮಳೆಗೆ ಅವರು ಹತ್ತಿರದ ಮನೆಯವರೇ ಆಗಿರಬೇಕು. ತೊಟ್ಟಿಯ ಬಾಯಿಗೆ ಬೆಳಕು ಬೀಳದ ಮುಚ್ಚಳ, ಪೈಪಿಗೆ ಸೊಳ್ಳೆ ಜಾಲರಿ ಬೇಕು. ಸಾವಿರ ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯಂತೆ, ತುಂಬಿದ ತೊಟ್ಟಿಗೆ 75 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಹಾಕಿ, ಒಂದು ತಾಸು ಬಿಟ್ಟು ಬಳಸಿ. ಪೊಟ್ಟಣ ತೆರೆದಿಟ್ಟ ಹಳೆಯ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಗಿಣಿಗೇರಾ ಸುತ್ತಮುತ್ತ ಕಾರ್ಖಾನೆಯ ಕರಿಧೂಳು ಚಾವಣಿ ಮೇಲೆ ಕೂರುವ ಊರುಗಳಲ್ಲಿ ಮಾತ್ರ ಈ ಪದ್ಧತಿಗೆ ಕೈ ಹಾಕುವ ಮೊದಲು ಸಂಗ್ರಹಿಸಿದ ನೀರನ್ನೇ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಊರ ಟ್ರಸ್ಟ್ ಒಂದಕ್ಕೆ ದೇಣಿಗೆ ಕೊಡಬೇಕೆಂದಿದ್ದೇನೆ. ಏನು ನೋಡಬೇಕು?
— ವ್ಯಾಪಾರಿ, ಬಳ್ಳಾರಿ

ಉತ್ತರ: ನೋಂದಣಿ ಪತ್ರ, ಪಾನ್, ಹಿಂದಿನ ವರ್ಷದ ಲೆಕ್ಕಪರಿಶೋಧನಾ ವರದಿ ಕೇಳಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಘವಾದರೆ ಪ್ರತಿವರ್ಷ ನೋಂದಣಾಧಿಕಾರಿಗೆ ಲೆಕ್ಕ ಸಲ್ಲಿಸಿರಬೇಕು. ತೆರಿಗೆ ವಿನಾಯಿತಿ ಬೇಕಿದ್ದರೆ 80ಜಿ ನೋಂದಣಿಯ ಅವಧಿ ಮುಗಿದಿದೆಯೇ ನೋಡಿ, ಚೆಕ್ ಅಥವಾ ಯುಪಿಐ ಮೂಲಕವೇ ಕೊಡಿ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೂ ಅದು ಸಿಗದು.

ಕಾಗದ ಸರಿಯಿದ್ದರೆ ಒಂದು ಮಧ್ಯಾಹ್ನ ಹೇಳದೆ ಅವರು ಕೆಲಸ ಮಾಡುವ ಊರಿಗೆ ಹೋಗಿ. ಯಾವುದಾದರೂ ಮಗುವಿಗೆ ನಾಲ್ಕು ಸಾಲು ಓದಲು ಕೊಡಿ, ಗುಳಿಗೆಯ ರಿಜಿಸ್ಟರ್ ಕೇಳಿ, ಸಂಘದ ನಡಾವಳಿ ಪುಸ್ತಕದಲ್ಲಿ ಕೊನೆಯ ಸಭೆಯ ತಾರೀಕು ನೋಡಿ. ಕಟ್ಟಡಕ್ಕಿಂತ ಕಾರ್ಯಕರ್ತೆಯ ಎರಡು ವರ್ಷದ ಗೌರವಧನಕ್ಕೆಂದು ಗೊತ್ತುಮಾಡಿ ಕೊಟ್ಟರೆ ಒಳ್ಳೆಯದು. ಆ ಖರ್ಚಿಗೆ ದಾನಿ ಸಿಗುವುದೇ ಕಷ್ಟ.